ರವಿವಾರ ಡ್ಯೂಟಿ ಬಿದ್ರ ಪಾಪ ಆಗ್ತೈತೇನ್ರಿ ಸರ?

ಈ ಪ್ರಶ್ನೆ ಮತ್ತ ಬಂದೈತಿ. ಈ ಸಲ ಕೇಳಿದಾವ ಹುಬ್ಬಳ್ಳಿ ರೈಲ್ವೆದಾಗ ಪಾಳಿ ಡ್ಯೂಟಿ ಮಾಡೋ ಹುಡುಗ, ಹೋದ ಸಲ ಕೇಳಿದಾಕಿ ನರ್ಸ್, ಅದಕ್ಕೂ ಮೊದಲ ಗದಗದ ಕಡೆ ಅಂಗಡಿ ಇಟ್ಟವ್ರೊಬ್ರು. "ಸರ, ರವಿವಾರ ಡ್ಯೂಟಿ ಬೀಳ್ತೈತಿ, ಆರಾಧನಿಗೆ ಹೋಗಾಕ ಆಗಂಗಿಲ್ಲ, ರಜಾ ಸಿಕ್ಕ ದಿನ ಮಧ್ಯಾಹ್ನ ಮಲ್ಕೊಂಡ್ರ ಮನ್ಯಾಗ ಸೋಮಾರಿ ಅಂತಾರ, ಎರಡ್ರಾಗ ನಂದು ಯಾವ್ದು ತಪ್ಪು?"

ಎರಡೂ ತಪ್ಪಲ್ಲೋ ತಮ್ಮಾ. ರವಿವಾರ ಅಂತ ರೈಲು ನಿಲ್ಲಂಗಿಲ್ಲ, ರೋಗಿ ಸೋಮವಾರದ ತನಕ ತಡಕೊಳ್ಳಂಗಿಲ್ಲ. ಸಬ್ಬತ್ ದಿನ, ಅಂದ್ರ ಯೆಹೂದ್ಯರ ವಾರದ ವಿಶ್ರಾಂತಿ ದಿನ, ನಿಮ್ಮ ಎತ್ತು ಬಾವ್ಯಾಗ ಬಿದ್ರ ಎಳದು ತಗಿಯಂಗಿಲ್ಲೇನು ಅಂತ ಯೇಸುಸ್ವಾಮಿನ ಕೇಳ್ಯಾನ, ಲೂಕ 14ರಾಗ ಐತಿ. ಇನ್ನ ಆರಾಧನಿ ವಿಷಯಕ್ಕ ಬಂದ್ರ, ಮೊದಮೊದಲಿನ ವಿಶ್ವಾಸಿಗಳಿಗೆ ರವಿವಾರ ರಜಾನ ಇರಲಿಲ್ರಿ, ರೋಮ್ ರಾಜ್ಯದಾಗ ಅದು ದುಡಿಯೋ ದಿನ, ಚಕ್ರವರ್ತಿ ಕಾನ್‌ಸ್ಟಂಟೈನ್ ರಜಾ ಅಂತ ಹುಕುಂ ಹೊರಡಿಸಿದ್ದು 321ರಾಗ, ಅದ್ರಾಗೂ ರೈತರಿಗೆ ಹೊಲದ ಕೆಲಸ ಮಾಡಬಹುದು ಅಂತ ಬಿಟ್ಟಿದ್ದ. ಅದಕ್ಕಿಂತ ಮೊದಲ ತ್ರೋವ ಅನ್ನೋ ಊರಾಗ ವಾರದ ಮೊದಲನೇ ದಿನ, ಅಂದ್ರ ರವಿವಾರ, ಕೂಡಿದವರು ಮಧ್ಯರಾತ್ರಿ ತನಕ ಕುಂತಿದ್ರು, ಯೂತಿಕ ಅನ್ನೋ ಹುಡುಗ ಅಪೊಸ್ತಲ ಪೌಲನ ಪ್ರಸಂಗ ಕೇಳ್ತ ಕೇಳ್ತ ಕಿಟಕ್ಯಾಗ ನಿದ್ದಿ ಹೋಗಿ ಮ್ಯಾಲಿನ ಅಂತಸ್ತಿನಿಂದ ಕೆಳಗ ಬಿದ್ದ. ಪೌಲ ಇಳದು ಬಂದು ಅವನ್ನ ಅಪ್ಪಿಕೊಂಡ, ಬೈಲಿಲ್ಲ. ಪ್ರಸಂಗದಾಗ ತೂಕಡಿಸೋರನ್ನ ಬೈಯೋರು ಇದನ್ನೊಂದ್ಸಲ ಓದ್ಕೊಳ್ರಿ. ರವಿವಾರ ಆಗಲಿಲ್ಲಂದ್ರ ವಾರದ ನಡುವಿನ ಪ್ರಾರ್ಥನಾ ಕೂಟಕ್ಕ ಹೋಗು, ಮುಗೀತು.

ಆದ್ರ ನನಗ ಬ್ಯಾಸರ ಬರೋದು ಈ ಪ್ರಶ್ನಿಗಲ್ಲ, ಇದರ ಬೆನ್ನಿಗೇ ಬರೋ ಇನ್ನೊಂದು ಮಾತಿಗೆ. "ಹೆಂಗೂ ಕೆಲಸ ಅನ್ನೋದು ಆದಾಮನ ಶಾಪ ಅಲ್ರಿ ಸರ, ಅನುಭವಿಸಬೇಕು." ಯಾರು ಹೇಳಿದ್ರಿ ಇದನ್ನ? ಎಷ್ಟು ಸಲ ಹೇಳೀನಿ, ಸಂಡೇಸ್ಕೂಲ್ ಹುಡುಗ್ರಿಗೆ ಹೇಳೀನಿ, ಅವರ ಅಪ್ಪಂದಿರಿಗೂ ಹೇಳೀನಿ, ಹೂಂ ಅಂತಾರ, ಮುಂದಿನ ವಾರ ಅದ ಮಾತು. ಕಾಯಕವೇ ಕೈಲಾಸ ಅಂತ ಆಫೀಸ್ ಆಫೀಸಿನ ಗ್ವಾಡಿ ಮ್ಯಾಲೆ ಬರದಿರೋ ನಾಡಿನ್ಯಾಗ ನಾವು ಕ್ರೈಸ್ತರು ಅಷ್ಟ ಕೆಲಸ ಶಾಪ ಅಂತ ಹೇಳ್ಕೊಂತ ಅಡ್ಡಾಡಿದ್ರ ಕೇಳಿದವ್ರು ಏನ ಅನ್ನಬೇಕು?

ಬೈಬಲ್ ತಗೀರಿ. ಆದಿಕಾಂಡ 2:15. ದೇವ್ರು ಮನುಷ್ಯನ್ನ ಏದೆನ್ ತೋಟದಾಗ ಇಟ್ಟ, ಯಾಕ? ವ್ಯವಸಾಯ ಮಾಡಾಕ, ಕಾಯಾಕ. ಇಲ್ಲೇ ಸ್ವಲ್ಪ ನಿಂದರ್ರಿ, ಲಗೂನ ಪುಟ ತಿರುವಬ್ಯಾಡ್ರಿ. ಹಾವು ಇನ್ನೂ ಬಂದಿಲ್ಲ, ಹಣ್ಣು ಇನ್ನೂ ಗಿಡದಾಗ ಐತಿ, ಹವ್ವ ಇನ್ನೂ ಹುಟ್ಟೇ ಇಲ್ಲ, ಆದ್ರ ಆದಾಮನಿಗೆ ಕೆಲಸ ಸಿಕ್ಕಾತು. ನಾಕ್ ವಚನ ಮುಂದ ಹೋದ್ರ ಪ್ರಾಣಿ ಪಕ್ಷಿಗೆಲ್ಲ ಹೆಸರಿಡೋ ಕೆಲಸ ಬ್ಯಾರೆ. ಶಾಪ ಬರೋದು 3ನೇ ಅಧ್ಯಾಯದಾಗ, ಅಲ್ಲೂ ನೋಡ್ರಿ ಶಾಪ ಯಾರಿಗೆ ಅಂತ. ಹಾವಿಗೆ, ಮತ್ತ ಭೂಮಿಗೆ. ಕೆಲಸಕ್ಕ ಶಾಪ ಅಂತ ಎಲ್ಲೂ ಇಲ್ಲ. ಭೂಮಿ ಮುಳ್ಳು ಕಳೆ ಬೆಳೀತೈತಿ, ಬೆವರು ಸುರಿಸಿ ಉಣ್ಣಬೇಕಾಗ್ತೈತಿ, ಇಷ್ಟ.

ನವಲಗುಂದದ ಕಡೆ ಎರಿ ಹೊಲದಾಗ ಕರಿಕಿ ಕಿತ್ತವ್ರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಮ್ಯಾಲಿಂದು ಕಿತ್ರ ಕೈಯಾಗ ಬರ್ತೈತಿ, ಬೇರು ಒಳಗ ಕುಂತಿರ್ತೈತಿ, ಒಂದು ಮಳಿ ಬಿದ್ರ ಮತ್ತ ಹಸರ. ಶಾಪ ಅಂದ್ರ ಆ ಕರಿಕಿ, ಬಿತ್ತೋದಲ್ಲ. ನಿಮ್ಮ ಆಫೀಸ್‌ನ್ಯಾಗೂ ಕರಿಕಿ ಐತಿ, ರಾತ್ರಿ ಹನ್ನೊಂದಕ್ಕ ಬರೋ ಸಾಹೇಬ್ರ ವಾಟ್ಸಾಪ್, ಮಾಡಿದ್ದನ್ನ ಮತ್ತ ಮಾಡ್ರಿ ಅನ್ನೋ ಫೈಲು, ಟೈಮಿಗೆ ಬರದ ಪಗಾರ. ಅದಕ್ಕ ಬೈರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಳಿ ಬದಲಿಸೋ ಪಾಯಿಂಟ್ಸ್ ಬರೋಬ್ಬರಿ ಬಿದ್ದು ಗಾಡಿ ಸುರಳೀತ ಹೋದಾಗ ಒಳಗ ಒಂದು ಸಮಾಧಾನ ಆಗ್ತೈತಲ್ಲ, ಅದು ಶಾಪದ್ದಲ್ಲ, ತೋಟದ್ದು. ಯೇಸುಸ್ವಾಮಿ ಬಡಗಿ, ಪೌಲ ಡೇರೆ ಹೊಲಿಯಾವ, ಇವರೇನು ಶಾಪ ಅನುಭವಿಸಾಕತ್ತಿದ್ರೇನು?

ಈ ತಪ್ಪು ತಿಳುವಳಿಕಿಯಿಂದ ಆಗೋ ಹಾನಿ ಸಣ್ಣದಲ್ಲ. ಕೆಲಸ ಶಾಪ ಅಂದ ಮ್ಯಾಲೆ ರೆಸ್ಟ್ ಅಂದ್ರ ಶಿಕ್ಷಾ ಮುಗಿಸಿದವ್ರಿಗೆ ಸಿಗೋ ಇನಾಮು ಆಗ್ತೈತಿ, ಅದಕ್ಕ ಮಲ್ಕೊಂಡವನ್ನ ನೋಡಿದ್ರ ಮನಿಮಂದಿಗೆ ಸಿಟ್ಟು. ಆದ್ರ ಲೆಕ್ಕ ಹಾಕಿ ನೋಡ್ರಿ, ಮನುಷ್ಯ ಹುಟ್ಟಿದ್ದು ಆರನೇ ದಿನ, ದೇವ್ರು ವಿಶ್ರಮಿಸಿದ್ದು ಏಳನೇ ದಿನ. ಅಂದ್ರ ಮನುಷ್ಯ ಕಂಡ ಮೊದಲನೇ ಪೂರಾ ದಿನಾನ ರಜಾ, ಇನ್ನೂ ಒಂದು ಪೂರಾ ದಿನಾನೂ ದುಡಿದಿರಲಿಲ್ಲ. ಪ್ರವಾದಿ ಎಲೀಯನ ಕಥಿನೂ ಗೊತ್ತಲ್ಲ, ಸಾಕಾಗಿ ಸಾಯ್ತೀನಿ ಅಂತ ಗಿಡದ ಬುಡಕ ಬಿದ್ಕೊಂಡಾಗ ದೇವದೂತ ಬಂದು ಉಪದೇಶ ಮಾಡ್ಲಿಲ್ಲ, ಎದ್ದು ಉಣ್ಣು ಅಂದ, ಕೆಂಡದ ಮ್ಯಾಲೆ ಸುಟ್ಟ ರೊಟ್ಟಿ, ತಂಬಿಗಿ ನೀರು. ತಿಂದು ಮತ್ತ ಮಲಗಿದ, ಮತ್ತ ಎಬ್ಬಿಸಿ ಮತ್ತ ಉಣ್ಣಿಸಿದ. ನೈಟ್ ಡ್ಯೂಟಿ ಮುಗಿಸಿ ಬಂದ ಮಗನ್ನ ಹಗಲೆಲ್ಲ ಮಲಗ್ತಾನ ಅಂತ ಅನ್ನೋ ಅವ್ವಂದಿರು 1 ಅರಸು 19 ಓದ್ರಿ. ಇರುವಿ ಹಂತ್ಯಾಕ ಹೋಗು ಸೋಮಾರಿ ಅನ್ನೋ ವಚನ ಅಷ್ಟ ಬಾಯಿಪಾಠ ಇದ್ರ ಹೆಂಗ?

ಈಗ ಯಾರೂ ಕೇಳದ ಒಂದು ಮಾತು. ನಿಮ್ಮ ರಜಾ ದಿನ ಯಾರು ದುಡೀತಾರ? ಧರ್ಮೋಪದೇಶಕಾಂಡ 5:14ರಾಗ ಸಬ್ಬತ್ ದಿನ ಯಾರ್ಯಾರು ದುಡಿಬಾರದು ಅಂತ ಪಟ್ಟಿನ ಐತಿ: ನೀನು, ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತಿ, ನಿನ್ನ ಊರಾಗಿರೋ ಪರದೇಶಿ. ಯಾಕಂದ್ರ ಐಗುಪ್ತದಾಗ ನೀವೂ ದಾಸರಾಗಿದ್ರಿ, ನೆನಪಿರ್ಲಿ. ಎತ್ತಿನ ಮಾತು ನಮ್ಮ ಹಳ್ಳಿ ಮಂದಿಗೆ ಹೊಸದಲ್ಲ, ಸೋಮವಾರ ಬಸವಣ್ಣನ ದಿನ ಅಂತ ಎತ್ತು ಹೂಡಂಗಿಲ್ಲ. ದುಡಿಯೋ ಮಂದಿಗೆ ವಾರದ ರಜಾ ಅನ್ನೋದೂ ಪುಕ್ಕಟೆ ಬಂದಿದ್ದಲ್ಲ, ಮುಂಬಯಿ ಗಿರಣಿ ಕೆಲಸಗಾರರಿಗೆ ರವಿವಾರ ರಜಾ ಸಿಕ್ಕಿದ್ದು 1890ರಾಗ, ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆ ವರ್ಷಾನುಗಟ್ಟಲೆ ಬಡಿದಾಡಿದ ಮ್ಯಾಲೆ. ಅವರು ಕ್ರೈಸ್ತರಲ್ಲ, ಜ್ಯೋತಿಬಾ ಫುಲೆ ಅವರ ಸತ್ಯಶೋಧಕ ಸಮಾಜದವ್ರು. ಆಗ ನಮ್ಮ ಧಾರವಾಡ ಜಿಲ್ಲಾನೂ ಮುಂಬಯಿ ಪ್ರಾಂತ್ಯದಾಗ ಇತ್ತು.

ಆ ಪಟ್ಟ್ಯಾಗ ಹೆಂಡ್ತಿ ಹೆಸರಿಲ್ಲಲ್ರಿ ಅಂತ ಒಬ್ಬ ಶಾಣ್ಯಾ ನಕ್ಕೊಂತ ಕೇಳಿದ್ದ. ಎತ್ತಿಗೆ ರಜಾ ಕೊಟ್ಟ ದೇವ್ರು ಅಕಿನ್ನ ಒಲಿ ಮುಂದ ಕುಂದರಸ್ತಾನೇನೋ ಮಾರಾಯಾ, "ನೀನು" ಅನ್ನೋದ್ರಾಗ ಇಬ್ರೂ ಬಂದ್ರಿ. ಚರ್ಚಿನಿಂದ ಬಂದು ಗಂಡಸರು ಫ್ಯಾನಿನ ಬುಡಕ ಅಡ್ಡಾಗೋದು, ಹೆಣ್ಮಕ್ಕಳು ಸೀರಿ ಸೆರಗು ಸಿಗಿಸ್ಕೊಂಡು ಬಿರ್ಯಾನಿಗೆ ಉಳ್ಳಾಗಡ್ಡಿ ಹೆಚ್ಚೋದು, ಇದಕ್ಕ ಕರ್ತನ ದಿನ ಅಂತೀವಿ. ವಿಮೋಚನಕಾಂಡ 16ರಾಗ ದೇವ್ರು ಅಡವ್ಯಾಗ ಮನ್ನ ಅನ್ನೋ ಆಹಾರ ಕೊಟ್ಟಾಗ ಸಬ್ಬತ್ತಿಗೆ ಬೇಯಿಸೋದು ಸುಡೋದು ಎಲ್ಲಾ ಹಿಂದಿನ ದಿನಾನ ಮಾಡಿ ಇಟ್ಕೊಳ್ರಿ ಅಂತ ಮೋಶೆ ಹೇಳ್ಯಾನ. ನಮಗಂತೂ ಖಡಕ್ ರೊಟ್ಟಿ ಐತಿ, ವಾರ ಇಟ್ರೂ ಕೆಡಂಗಿಲ್ಲ, ಶೇಂಗಾ ಚಟ್ನಿ ಐತಿ, ಮೊಸರು ಐತಿ. ಹಂಗಾರ ಶನಿವಾರ ರೊಟ್ಟಿ ಬಡಿಯೋರು ಯಾರು ಅಂತ ಅದ ಶಾಣ್ಯಾ ಮತ್ತ ಕೇಳ್ತಾನ. ಅಂಗಡ್ಯಾಗ ಕಟ್ಟು ಕಟ್ಟಿ ಮಾರ್ತಾರ, ಶನಿವಾರ ಸಂಜಿಮುಂದ ಕೆಲಸದಿಂದ ಬರುವಾಗ ತಗೊಂಡ ಬಾ.