ಜೀಪ್ನಿ: ಮಿಲಿಟರಿ ಗುಜರಿಯಿಂದ ಲಕ್ಷಗಟ್ಟಲೆ ಸಾಲದವರೆಗೆ

ಫಿಲಿಪ್ಪೀನ್ಸ್ ಜನರ ಜಾಣತನದ ಬಗ್ಗೆ ಯಾರೇ ವೇದಿಕೆ ಹತ್ತಿ ಮಾತಾಡಲಿ, ಪರದೆ ಮೇಲೆ ಜೀಪ್ನಿ ಅನ್ನೋ ಅಲ್ಲಿನ ಬಾಡಿಗೆ ಗಾಡಿಯ ಫೋಟೊ ಬರೋದು ಹೆಚ್ಚುಕಮ್ಮಿ ಗ್ಯಾರಂಟಿ. ಉದ್ದನೆಯ ಬಾಡಿ, ಮೈತುಂಬ ಬಣ್ಣ, ಬಾನೆಟ್ ಮೇಲೆ ಪಳಪಳ ಹೊಳೆಯುವ ಕುದುರೆ. ಅಮೆರಿಕದ ಸೈನ್ಯ ಬಿಟ್ಟುಹೋದ ಗುಜರಿಯಿಂದ ದೇಶದ ಸಾರಿಗೆಯನ್ನೇ ಕಟ್ಟಿದ ಕಥೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಅದೇ ಜೀಪ್ನಿ ಹಳೆಯದಾಯಿತು, ರಸ್ತೆಯಿಂದ ತೆಗೆಯಿರಿ ಅಂತ ಅಲ್ಲಿನ ಸರ್ಕಾರ 2017ರಿಂದ ಹೇಳುತ್ತಾ ಬಂದಿದೆ. ಭಾಷಣಗಳಲ್ಲಿ ಈ ಭಾಗ ಅಷ್ಟಾಗಿ ಬರೋದಿಲ್ಲ.

ಕಥೆ ಎರಡನೇ ಮಹಾಯುದ್ಧಕ್ಕಿಂತ ಹಿಂದೆಯೇ ಶುರುವಾಗುತ್ತದೆ. 1930ರ ದಶಕದ ಮನಿಲಾದಲ್ಲಿ 'ಆಟೊ ಕಲೇಸಾ' ಅಂತ ಪುಟ್ಟ ಬಾಡಿಗೆ ಗಾಡಿಗಳಿದ್ದವು. ಕಲೇಸಾ ಅಂದರೆ ಅಲ್ಲಿನ ಜಟಕಾ. ಅಂದರೆ, ಸಣ್ಣ ಗಾಡಿಯಲ್ಲಿ ಒಂದಿಷ್ಟು ಜನರನ್ನು ತುಂಬಿಕೊಂಡು ಹೋಗುವ ಅಭ್ಯಾಸ ಊರಿಗೆ ಹೊಸದಲ್ಲ. 1945ರ ಮನಿಲಾ ಕದನದಲ್ಲಿ ನಗರ ನೆಲಸಮವಾಯಿತು. 1905ರಿಂದ ಓಡುತ್ತಿದ್ದ ವಿದ್ಯುತ್ ಟ್ರಾಂ ನಿಂತೇಹೋಯಿತು. ಜನ ಓಡಾಡಬೇಕಲ್ಲ! ಸೈನ್ಯಕ್ಕೆ ಬೇಡವಾದ ವಿಲ್ಲಿಸ್ ಜೀಪುಗಳು ರಾಶಿ ಬಿದ್ದಿದ್ದವು. ಜನ ಅವನ್ನು ಹಿಂದಕ್ಕೆ ಉದ್ದ ಮಾಡಿದರು, ತಗಡಿನ ಚಾವಣಿ ಹೊದಿಸಿದರು, ಎದುರುಬದುರು ಎರಡು ಬೆಂಚು ಹಾಕಿದರು.

ಇದನ್ನು ಉದ್ಯಮ ಮಾಡಿದವರಲ್ಲಿ ದೊಡ್ಡ ಹೆಸರು ಲಿಯೊನಾರ್ಡೊ ಸರಾವ್. ಮೊದಲು ಜಟಕಾ ಹೊಡೆಯುತ್ತಿದ್ದವರು, ಆಮೇಲೆ ಮೆಕ್ಯಾನಿಕ್ ಆದರು. 1953ರಲ್ಲಿ 700 ಪೆಸೊ ಬಂಡವಾಳದಲ್ಲಿ ಮನಿಲಾ ಪಕ್ಕದ ಲಾಸ್ ಪಿನ್ಯಾಸ್‌ನಲ್ಲಿ ವರ್ಕ್‌ಶಾಪ್ ತೆರೆದರು. 1964ರಲ್ಲಿ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಅವರ ಜೀಪ್ನಿ ಪ್ರದರ್ಶನಕ್ಕೆ ನಿಂತಿತ್ತು. ಬಾನೆಟ್ ಮೇಲಿನ ಕುದುರೆ ನೋಡಿದಾಗ ನನಗೆ ಆ ಜಟಕಾವೇ ನೆನಪಾಗುತ್ತದೆ.

ಆದರೆ ಜೀಪ್ನಿಯ ನಿಜವಾದ ಜಾಣತನ ಬಾಡಿಯಲ್ಲಿಲ್ಲ, ಒಳಗಿದೆ. ಹಿಂಬದಿಯಿಂದ ಬಗ್ಗಿ ಹತ್ತಿ, ಬೆಂಚಿನ ಕೊನೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಕಂಡಕ್ಟರ್ ಇಲ್ಲ. 'ಬಾಯಾದ್ ಪೊ' ಅಂತ ಕಾಸು ಚಾಚುತ್ತೀರಿ, ಅಂದರೆ ಚಾರ್ಜು ತಗೊಳ್ಳಿ ಅಂತ. ಪಕ್ಕದವರು ಇಸಿದುಕೊಂಡು ಮುಂದಿನವರಿಗೆ ದಾಟಿಸುತ್ತಾರೆ. ಕೈಯಿಂದ ಕೈಗೆ ಹೋಗಿ ಡ್ರೈವರ್ ಮುಟ್ಟುತ್ತದೆ. ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್. ಆತ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಇದನ್ನೆಲ್ಲ ಮಾಡುತ್ತಾನೆ! ಇಳಿಯಬೇಕಾದರೆ 'ಪಾರಾ ಪೊ' ಅಂತ ಕೂಗಬೇಕು, ಇಲ್ಲವೇ ನಾಣ್ಯದಿಂದ ಮೇಲಿನ ಕಂಬಿ ತಟ್ಟಬೇಕು. ಮುಂದುಗಡೆ ಒಂದು ಬೋರ್ಡು: ಬೆಳಿಗ್ಗೆ ಚಿಲ್ಲರೆ ಮಾತ್ರ ಕೊಡಿ. ಇನ್ನೊಂದರಲ್ಲಿ ಇಂಗ್ಲಿಷ್ ಶ್ಲೇಷೆ: 'ಗಾಡ್ ನೋಸ್ ಹುದಾಸ್ ನಾಟ್ ಪೇ'. ಹುದಾಸ್ ಅಂದರೆ ಏಸುವಿಗೆ ದ್ರೋಹ ಬಗೆದ ಜೂದಾಸ. ಅದನ್ನೇ 'ಹೂ ಡಸ್' ಅಂತ ಕೇಳಿಸಿಕೊಂಡರೆ, ಯಾರು ದುಡ್ಡು ಕೊಡಲಿಲ್ಲ ಅಂತ ದೇವರಿಗೆ ಗೊತ್ತು ಅನ್ನೋ ಮಾತು ಅದರೊಳಗೆ ಅಡಗಿದೆ. ಕೆಲವು ಗಾಡಿಗಳ ಮೇಲೆ 'ಕಾತಾಸ್ ನಾಂಗ್ ಸೌದಿ' ಅಂತ ಬರೆದಿರುತ್ತದೆ. ಸೌದಿಯ ರಸ ಅಂತ ಅರ್ಥ. ಮನೆಯವರು ಯಾರೋ ಕೊಲ್ಲಿಯಲ್ಲಿ ಬೆವರು ಹಿಂಡಿ ಕಳಿಸಿದ ದುಡ್ಡು ಇಲ್ಲಿ ಜೀಪ್ನಿಯಾಗಿದೆ.

ಇಂಥ ಉಪಾಯಕ್ಕೆ ಅಲ್ಲಿನ ಜನ 'ದಿಸ್ಕಾರ್ತೆ' ಅನ್ನುತ್ತಾರೆ. ಅದಕ್ಕೂ ಒಂದು ಮಿತಿಯಿದೆ. ಬಹಳಷ್ಟು ಚಾಲಕರಿಗೆ ಗಾಡಿ ಸ್ವಂತದ್ದಲ್ಲ. ದಿನಕ್ಕೆ ಇಷ್ಟು ಅಂತ ಮಾಲೀಕನಿಗೆ ಕಟ್ಟಬೇಕು. ಅದಕ್ಕೆ 'ಬೌಂಡರಿ' ಅಂತ ಹೆಸರು. ಡೀಸೆಲ್ ಹಾಕಿಸಿ, ಬೌಂಡರಿ ಕಟ್ಟಿ ಉಳಿದದ್ದು ಅವರದು. ಹಾಗಾಗಿ ಸಿಕ್ಕಸಿಕ್ಕಲ್ಲಿ ನಿಲ್ಲಿಸೋದು, ಸೀಟು ತುಂಬೋವರೆಗೂ ಕಾಯೋದು, ಮುಂದಿನ ಗಾಡಿ ಜೊತೆ ಪೈಪೋಟಿಗೆ ಬೀಳೋದು. ಎಂಜಿನ್ ಹೆಚ್ಚಾಗಿ ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಡೀಸೆಲ್. ಕಪ್ಪು ಹೊಗೆ ಸುಳ್ಳಲ್ಲ. ಅದನ್ನು ನಿತ್ಯ ಕುಡಿಯುವವರಲ್ಲಿ ಮೊದಲಿಗರು ಚಾಲಕರೇ.

2017ರ ಜೂನ್‌ನಲ್ಲಿ ಸರ್ಕಾರ ಆಧುನೀಕರಣದ ಆದೇಶ ಹೊರಡಿಸಿತು. 15 ವರ್ಷ ದಾಟಿದ ಗಾಡಿ ಬೇಡ, ಯೂರೊ 4 ಅನ್ನೋ ಹೊಗೆ ಮಾನದಂಡದ ಎಂಜಿನ್ ಅಥವಾ ವಿದ್ಯುತ್ ಗಾಡಿ ಬೇಕು. ಇನ್ನೊಂದು ಷರತ್ತು ಜಾಸ್ತಿ ನೋಯಿಸಿತು: ಒಬ್ಬೊಬ್ಬರೇ ಪರ್ಮಿಟ್ ಇಟ್ಟುಕೊಳ್ಳೋ ಹಾಗಿಲ್ಲ, ಸಹಕಾರ ಸಂಘವನ್ನೋ ಕಂಪನಿಯನ್ನೋ ಸೇರಬೇಕು. ಹೊಸ ಗಾಡಿಗೆ 16 ಲಕ್ಷದಿಂದ 28 ಲಕ್ಷ ಪೆಸೊ. ಮೊದಲಿಗೆ ಇಟ್ಟ ಸಬ್ಸಿಡಿ 80,000. ಆಮೇಲೆ ಹೆಚ್ಚಿಸಿದರು ಅನ್ನಿ.

2020ರ ಲಾಕ್‌ಡೌನ್‌ನಲ್ಲಿ ಗಾಡಿಗಳು ತಿಂಗಳುಗಟ್ಟಲೆ ನಿಂತವು. ಚಾಲಕರು ಬೋರ್ಡು ಹಿಡಿದು ರಸ್ತೆಯಲ್ಲಿ ಭಿಕ್ಷೆಗೆ ನಿಂತರು. 2023ರ ಮಾರ್ಚ್‌ನಲ್ಲಿ ವಾರದ ಮುಷ್ಕರ ಅಂತ ಕರೆ ಕೊಟ್ಟು, ಎರಡೇ ದಿನಕ್ಕೆ ಮಾತುಕತೆಯಾಗಿ ನಿಲ್ಲಿಸಿದರು. ಸಂಘ ಸೇರುವ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 2024ರ ಏಪ್ರಿಲ್ 30ಕ್ಕೆ ನಿಂತಿತು.

ಗಾಡಿ ಬದಲಾಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಖರ್ಚು ಯಾರ ತಲೆಗೆ ಅನ್ನೋದೇ ತಕರಾರು. ಹೊಸ ಗಾಡಿಗೆ 24 ಲಕ್ಷ ಪೆಸೊ ಅಂತ ಇಟ್ಟುಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಆಧುನಿಕ ಜೀಪ್ನಿಯ ಕನಿಷ್ಠ ಚಾರ್ಜು 15 ಪೆಸೊ ಆಯಿತು. ಡೀಸೆಲ್, ಬಡ್ಡಿ, ರಿಪೇರಿ ಎಲ್ಲ ಬದಿಗಿಟ್ಟು, ಬರೀ ಗಾಡಿಯ ದುಡ್ಡು ಹುಟ್ಟಬೇಕಾದರೂ 1,60,000 ಸಲ ಯಾರಾದರೂ 'ಬಾಯಾದ್ ಪೊ' ಅನ್ನಬೇಕು.