ಹಳೇ ಆಸಿಲೋಸ್ಕೋಪ್: ಮೊದಲು ಅಳೆಯಿರಿ, ಆಮೇಲೆ ತಿರುಗಿಸಿ

ವೋಲ್ಟೇಜ್ ಹೊತ್ತು ಕಳೆದಂತೆ ಹೇಗೆ ಏರಿಳಿಯುತ್ತದೆ ಅಂತ ತೆರೆಯ ಮೇಲೆ ಗೆರೆಯಾಗಿ ತೋರಿಸುವ ಸಾಧನ ಆಸಿಲೋಸ್ಕೋಪ್. ಹಳೇ ಅನಲಾಗ್ ಸ್ಕೋಪಿನ ಮುಚ್ಚಳ ತೆಗೆದರೆ ಒಳಗೆ ಸಾಲುಸಾಲು ಪ್ರಿಸೆಟ್‌ಗಳು, ಅಂದರೆ ತಿರುಗಿಸಿ ಅಳತೆ ಹೊಂದಿಸುವ ಪುಟ್ಟ ತಿರುಪುಗಳು. ಸ್ಕ್ರೂಡ್ರೈವರ್ ಹಿಡಿದ ಕೈ ಸುಮ್ನೆ ಕೂರುವುದಿಲ್ಲ. 5 ವೋಲ್ಟ್ ಕೊಟ್ಟರೆ ತೆರೆಯ ಮೇಲೆ 5.3 ತೋರಿಸುತ್ತಿದೆ, ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವುದು) ಅಂತ ಬರೆದಿರುವ ಪ್ರಿಸೆಟ್ ಎದುರಿಗೇ ಇದೆ, ಒಂಚೂರು ತಿರುಗಿಸಿದರೆ ಕೆಲಸ ಮುಗೀತು ಅಲ್ವಾ? ಇಲ್ಲ. ತಪ್ಪು ಗೇನ್‌ನಲ್ಲೇ ಇದೆ ಅಂತ ಇನ್ನೂ ಗೊತ್ತಾಗಿಲ್ಲ.

ಕಾರಣ ತಿಳಿಯಲು ಚಿತ್ರ ಮೂಡಿಸುವ ಪಿಕ್ಚರ್ ಟ್ಯೂಬಿನೊಳಗೆ ಹೋಗಬೇಕು. ಹಿಂಬದಿಯ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನ್‌ಗಳು ಎರಡು ಜೋಡಿ ತಗಡುಗಳ ನಡುವೆ ಹಾದು ತೆರೆಗೆ ಬಡಿಯುತ್ತವೆ. ಒಂದು ಜೋಡಿ ಅವುಗಳನ್ನು ಮೇಲೆ ಕೆಳಗೆ ಬಾಗಿಸುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಎಷ್ಟು ಬಾಗುತ್ತವೆ ಅನ್ನುವುದು ತಗಡಿಗೆ ಕೊಟ್ಟ ವೋಲ್ಟೇಜಿನ ಮೇಲೆ ಮಾತ್ರ ನಿಂತಿಲ್ಲ. ಎಲೆಕ್ಟ್ರಾನ್ ಎಷ್ಟು ವೇಗವಾಗಿ ಹಾದುಹೋಗುತ್ತದೆ ಅನ್ನುವುದೂ ಮುಖ್ಯ. ಆ ವೇಗವನ್ನು ಕೊಡುವುದು ಕ್ಯಾಥೋಡಿನ ಹೈ ವೋಲ್ಟೇಜ್. ಅದು 6% ಇಳಿದರೆ ಎಲೆಕ್ಟ್ರಾನ್ ನಿಧಾನವಾಗುತ್ತದೆ, ತಗಡುಗಳ ನಡುವೆ ಜಾಸ್ತಿ ಹೊತ್ತು ಇರುತ್ತದೆ, ಸುಮಾರು 6% ಜಾಸ್ತಿಯೇ ಬಾಗುತ್ತದೆ. ನಿಮ್ಮ 5 ವೋಲ್ಟ್ 5.3 ಆಗಲು ಇಷ್ಟೇ ಸಾಕು.

ಇಲ್ಲೇ ಒಂದು ಒಳ್ಳೆಯ ಸುಳಿವೂ ಸಿಗುತ್ತದೆ. ಹೈ ವೋಲ್ಟೇಜ್ ಕಮ್ಮಿಯಾದರೆ ಚಿತ್ರ ಎತ್ತರದಲ್ಲಷ್ಟೇ ಅಲ್ಲ, ಅಗಲದಲ್ಲೂ ಅಷ್ಟೇ ಹಿಗ್ಗುತ್ತದೆ. ವೋಲ್ಟೇಜೂ 6% ಜಾಸ್ತಿ, ಸಮಯವೂ 6% ಜಾಸ್ತಿ ತೋರಿಸುತ್ತಿದ್ದರೆ ಗೇನ್ ಪ್ರಿಸೆಟ್ ಮುಟ್ಟಬೇಡಿ. ಮುಟ್ಟಿದಿರಿ ಅನ್ನಿ, ಆಮೇಲೆ ಸ್ವೀಪ್ (ಗೆರೆ ಎಡದಿಂದ ಬಲಕ್ಕೆ ಓಡುವ ವೇಗ) ಪ್ರಿಸೆಟ್ಟನ್ನೂ ತಿರುಗಿಸಬೇಕಾಗುತ್ತದೆ, ಮುಂದೊಂದು ದಿನ ಯಾರೋ ಹೈ ವೋಲ್ಟೇಜ್ ಸರಿಮಾಡಿದರೆ ಎರಡೂ ಮತ್ತೆ ಕೆಡುತ್ತವೆ. ಸರ್ವಿಸ್ ಮ್ಯಾನುವಲ್‌ಗಳು ಮೊದಲು ಪವರ್ ಸಪ್ಲೈ, ಆಮೇಲೆ ಟ್ಯೂಬು, ಆಮೇಲೆ ವರ್ಟಿಕಲ್ (ಎತ್ತರದ ಅಳತೆ), ಕೊನೆಗೆ ಸಮಯ ಅಂತ ಹಟ ಹಿಡಿಯುವುದು ಇದಕ್ಕೇ.

ಹಾಗಾಗಿ ಸ್ಕೋಪನ್ನು 20-30 ನಿಮಿಷ ಬಿಸಿಯಾಗಲು ಬಿಟ್ಟು, ಮಲ್ಟಿಮೀಟರಿನಿಂದ ಪವರ್ ಸಪ್ಲೈಯ ಒಂದೊಂದೇ ವೋಲ್ಟೇಜನ್ನು ಅಳೆಯಿರಿ. ಮ್ಯಾನುವಲ್ಲಿನ ಮಿತಿಯೊಳಗೆ ಇದ್ದರೆ ಮುಟ್ಟಬೇಡಿ, ನಡುಮಧ್ಯಕ್ಕೆ ತರುವ ಚಪಲ ಬೇಡ. ರಿಪಲ್, ಅಂದರೆ ಡಿಸಿಯ ಮೇಲೆ ಉಳಿದ ಸಣ್ಣ ಏರಿಳಿತ, ಅದನ್ನೂ ನೋಡಿ. ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಳಗೇ ಒಣಗಿರುತ್ತವೆ, ವೋಲ್ಟೇಜ್ ಸರಿಯಾಗಿ ಕಂಡರೂ ಅದರ ಮೇಲೆ ರಿಪಲ್ ಕುಣಿಯುತ್ತಿರುತ್ತದೆ. ಅದಕ್ಕೆ ಯಾವ ಪ್ರಿಸೆಟ್ಟೂ ಮದ್ದಲ್ಲ, ಕೆಪಾಸಿಟರನ್ನೇ ಬದಲಿಸಬೇಕು.

ಹೈ ವೋಲ್ಟೇಜ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. 1972ರಲ್ಲಿ ಬಂದ, 100 ಮೆಗಾಹರ್ಟ್ಸ್‌ನ ಟೆಕ್ಟ್ರಾನಿಕ್ಸ್ 465ರ ಟ್ಯೂಬಿನಲ್ಲಿ ಒಟ್ಟು ಸುಮಾರು 18 ಸಾವಿರ ವೋಲ್ಟ್ ಇರುತ್ತದೆ. ಸಾಮಾನ್ಯ ಮಲ್ಟಿಮೀಟರ್ 1000 ವೋಲ್ಟಿಗೇ ಕೈಚೆಲ್ಲುತ್ತದೆ, ಹೈ ವೋಲ್ಟೇಜ್ ಪ್ರೋಬ್ ಬೇಕೇ ಬೇಕು. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಪ್ರೋಬ್ ಇಲ್ಲದಿದ್ದರೆ ಆ ಭಾಗವನ್ನು ಗೊತ್ತಿರುವವರಿಗೆ ಬಿಡಿ.

ಟ್ಯೂಬಿನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಟ್ರೇಸ್ ರೊಟೇಷನ್. ಗೆರೆ ಓರೆಯಾಗಿದ್ದರೆ ಟ್ಯೂಬಿನ ಸುತ್ತ ಇರುವ ಕಾಯಿಲ್‌ನ ಕರೆಂಟನ್ನು ಬದಲಿಸಿ ನೇರ ಮಾಡುತ್ತೇವೆ. ಓರೆಗೆ ಒಂದು ಕಾರಣ ಭೂಮಿಯ ಕಾಂತಕ್ಷೇತ್ರ! ಟ್ಯೂಬಿಗೆ ಲೋಹದ ಕವಚ ಇದ್ದರೂ ಸ್ವಲ್ಪ ಒಳಗೆ ನುಸುಳುತ್ತದೆ. ಉತ್ತರಕ್ಕೆ ಮುಖಮಾಡಿದ್ದ ಸ್ಕೋಪನ್ನು ಪೂರ್ವಕ್ಕೆ ತಿರುಗಿಸಿದರೆ ಗೆರೆ ಕೂದಲೆಳೆಯಷ್ಟು ವಾಲಬಹುದು. ಅದಕ್ಕೇ ಸ್ಕೋಪ್ ಎಲ್ಲಿ ಇರುತ್ತದೋ ಅಲ್ಲೇ ಇದನ್ನು ಹೊಂದಿಸಬೇಕು.

ಇನ್ನು ವರ್ಟಿಕಲ್. ಗೇನ್ ನೋಡಲು ದುಬಾರಿ ಸಾಧನವೇನೂ ಬೇಡ. ಇಂಥ ಸ್ಕೋಪ್‌ಗಳ ನಿಖರತೆಯೇ ಹೆಚ್ಚುಕಮ್ಮಿ 3%. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಡಿಸಿ ವೋಲ್ಟೇಜನ್ನು ಅದಕ್ಕಿಂತ ಎಷ್ಟೋ ಚೆನ್ನಾಗಿ ಅಳೆಯುತ್ತದೆ. ಮೀಟರಿನಿಂದ ಅಳೆದ ಡಿಸಿಯನ್ನು ಕೊಟ್ಟು ಗೆರೆ ತೆರೆಯ ಚೌಕಳಿಯಲ್ಲಿ ಎಷ್ಟು ಮನೆ ಮೇಲೇರಿತು ಅಂತ ಎಣಿಸಿದರೆ ಆಯಿತು.

ಅಟೆನ್ಯುಯೇಟರ್ ಕಾಂಪೆನ್ಸೇಷನ್, ಅಂದರೆ ಸಿಗ್ನಲ್ಲನ್ನು ತಗ್ಗಿಸುವ ಭಾಗ ಎಲ್ಲ ಫ್ರೀಕ್ವೆನ್ಸಿಗೂ ಒಂದೇ ಸಮ ತಗ್ಗಿಸುವ ಹಾಗೆ ಹೊಂದಿಸುವುದು, ಹಾಗಲ್ಲ, ಅದಕ್ಕೆ ತಾಳ್ಮೆ ಬೇಕು. 10 ಎಕ್ಸ್ ಪ್ರೋಬನ್ನೇ ತೆಗೆದುಕೊಳ್ಳಿ. ಪ್ರೋಬಿನಲ್ಲಿ 9 ಮೆಗಾಓಮ್, ಸ್ಕೋಪಿನಲ್ಲಿ 1 ಮೆಗಾಓಮ್, ಹಾಗಾಗಿ ಹತ್ತನೇ ಒಂದು ಭಾಗ ಒಳಗೆ ಬರುತ್ತದೆ. ಆದರೆ ಸ್ಕೋಪಿನ ಇನ್‌ಪುಟ್‌ನಲ್ಲಿ ಸುಮಾರು 20 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದೆ, ಕೇಬಲ್ಲಿನದು ಬೇರೆ. ಫ್ರೀಕ್ವೆನ್ಸಿ ಏರಿದಂತೆ ಸಿಗ್ನಲ್ ಅದರೊಳಗೆ ಸೋರಿಹೋಗುತ್ತದೆ. ಆದ್ದರಿಂದ 9 ಮೆಗಾಓಮ್‌ಗೆ ಅಡ್ಡಲಾಗಿ ಒಂದು ಪುಟ್ಟ ಕೆಪಾಸಿಟರ್ ಇಟ್ಟು, ಎರಡೂ ಕಡೆ ರೆಸಿಸ್ಟೆನ್ಸನ್ನು ಕೆಪಾಸಿಟೆನ್ಸಿನಿಂದ ಗುಣಿಸಿದರೆ ಒಂದೇ ಲೆಕ್ಕ ಬರುವ ಹಾಗೆ ಮಾಡುತ್ತಾರೆ. ಆಗ ಎಲ್ಲ ಫ್ರೀಕ್ವೆನ್ಸಿಗೂ ಅದೇ ಹತ್ತನೇ ಒಂದು. 1 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ ಹಾಕಿದಾಗ ಮೂಲೆ ದುಂಡಗಾಗಿದ್ದರೆ ಕಾಂಪೆನ್ಸೇಷನ್ ಸಾಲದು, ಮೂಲೆ ಮುಳ್ಳಿನಂತೆ ಎದ್ದರೆ ಜಾಸ್ತಿಯಾಯಿತು.

ಇದೇ ಆಟ ಸ್ಕೋಪಿನೊಳಗೆ ರೇಂಜ್ ಬದಲಿಸುವ ವೋಲ್ಟ್ಸ್ ಸ್ವಿಚ್ಚಿನಲ್ಲೂ ಇದೆ, ಪ್ರತಿ ಅಟೆನ್ಯುಯೇಟರಿಗೂ ಎರಡೆರಡು ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಕೆಪಾಸಿಟರ್). ಒಂದು ಮೂಲೆಯನ್ನು ಚೂಪಾಗಿಸಲು, ಇನ್ನೊಂದು ಯಾವ ರೇಂಜಿಗೆ ಹೋದರೂ ಇನ್‌ಪುಟ್ ಕೆಪಾಸಿಟೆನ್ಸ್ ಒಂದೇ ಆಗಿರಲು. ಎರಡನೆಯದು ತಪ್ಪಿದ್ದರೆ ಒಂದು ರೇಂಜಿನಲ್ಲಿ ಹೊಂದಿಸಿದ ಪ್ರೋಬ್ ಪಕ್ಕದ ರೇಂಜಿನಲ್ಲಿ ಹಾಳು, ಜನ ಸುಮ್ನೆ ಪ್ರೋಬನ್ನು ಬೈಯುತ್ತಾರೆ. ತಿರುಗಿಸಲು ಪ್ಲಾಸ್ಟಿಕ್ ಸ್ಕ್ರೂಡ್ರೈವರೇ ಇರಲಿ. ಲೋಹದ್ದಾದರೆ ಅದೂ ಒಂದು ಕೆಪಾಸಿಟರ್. ತುದಿ ಎತ್ತಿದ ಕೂಡಲೇ ನೀಟಾಗಿದ್ದ ಮೂಲೆ ಮತ್ತೆ ಸೊಟ್ಟಗಾಗುತ್ತದೆ.

ಅಂದಹಾಗೆ, 1950ರ ದಶಕದ ಟೆಕ್ಟ್ರಾನಿಕ್ಸ್ ವಾಲ್ವ್ ಸ್ಕೋಪ್ ಸಿಕ್ಕರೆ ಮಾಮೂಲಿ ಸೋಲ್ಡರ್ ಹಾಕಬೇಡಿ. ಬಿಡಿಭಾಗಗಳನ್ನು ಬೆಸೆದಿರುವ ಅದರ ಪಿಂಗಾಣಿ ಪಟ್ಟಿಗಳ ಬೆಳ್ಳಿ ಲೇಪ ಕಿತ್ತುಬರುತ್ತದೆ. ಬೆಳ್ಳಿ ಬೆರೆತ ಸೋಲ್ಡರಿನ ಒಂದು ಪುಟ್ಟ ಸುರುಳಿಯನ್ನು ಕಂಪನಿಯವರೇ ಒಳಗೆ ಇಟ್ಟು ಕೊಡುತ್ತಿದ್ದರು!

ಕೊನೆಗೆ ಸಮಯ. ಅದನ್ನು ನೋಡಲು ಕ್ರಿಸ್ಟಲ್ ಇರುವ ಯಾವುದಾದರೂ ಮೈಕ್ರೋಕಂಟ್ರೋಲರ್ ಬೋರ್ಡಿನಿಂದ 1 ಕಿಲೋಹರ್ಟ್ಸ್ ಹೊರಡಿಸಿ. ಕ್ರಿಸ್ಟಲ್ ಬದಲು ಸೆರಾಮಿಕ್ ರೆಸೊನೇಟರ್ ಇದ್ದರೂ ತಪ್ಪು 0.5% ಆಸುಪಾಸು, ನಮಗೆ ಸಾಕು. ಪ್ರತಿ ಮನೆಗೆ 1 ಮಿಲಿಸೆಕೆಂಡ್ ಇಟ್ಟು, ಏರುವ ಅಂಚುಗಳು ಎರಡನೇ ಗೆರೆಯಿಂದ ಹತ್ತನೇ ಗೆರೆಯವರೆಗೆ ಕರಾರುವಾಕ್ಕಾಗಿ ಕೂರುತ್ತವಾ ನೋಡಿ. ಎರಡು ತುದಿಯ ಮನೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಸ್ವೀಪ್ ಅಷ್ಟು ನೇರವಾಗಿರುವುದಿಲ್ಲ. ಒಂದೇ ರೇಂಜ್ ಕೆಟ್ಟಿದ್ದರೆ ಮೊದಲು ಆ ಸ್ವಿಚ್ಚಿನ ಕೊಳೆ ತೆಗೆಯಿರಿ, ಆಮೇಲೆ ಅದರ ರೆಸಿಸ್ಟರ್ ಅಥವಾ ಕೆಪಾಸಿಟರ್ ಅಳೆಯಿರಿ. ಒಂದು ರೇಂಜಿಗಾಗಿ ಎಲ್ಲ ರೇಂಜಿನ ಪ್ರಿಸೆಟ್ ತಿರುಗಿಸಿದರೆ ಉಳಿದವೆಲ್ಲ ಕೆಡುತ್ತವೆ.

ಎಲ್ಲ ಆದ ಮೇಲೆ ಮುಚ್ಚಳ ಹಾಕಿ ಇನ್ನರ್ಧ ಗಂಟೆ ಬಿಟ್ಟು ಗೇನ್ ಮತ್ತು ಸಮಯವನ್ನು ಮತ್ತೊಮ್ಮೆ ನೋಡಿ. ಮುಚ್ಚಿದ ಪೆಟ್ಟಿಗೆ ಒಳಗೆ ಜಾಸ್ತಿ ಬಿಸಿಯಾಗುತ್ತದೆ, ತೆರೆದಿಟ್ಟು ಹೊಂದಿಸಿದ್ದು ಅಲ್ಲಿ ಒಂಚೂರು ಸರಿದಿರಬಹುದು.