ಟ್ಯಾಕಲ್ ಮಾಡದ ಟ್ಯಾಕಲ್

ಕಳೆದ ವಾರವೂ ಅದೇ ಮಾತು ಬಂತು. ಭಾನುವಾರ ಮಧ್ಯಾಹ್ನ, ಗೆಳೆಯರ ಮನೆ, ಟಿವಿಯಲ್ಲಿ ಡೆಟ್ರಾಯ್ಟ್ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟ, ಮುಂದೆ ತಟ್ಟೆ ತುಂಬ ಚುರುಮುರಿ. ಮೂರನೇ ಕ್ವಾರ್ಟರ್ ಮುಗಿಯುವಾಗ ಒಬ್ಬರು ಕೇಳಿದರು: "ಈ ಸೂವೆಲ್ ಇಡೀ ಮ್ಯಾಚಿನಲ್ಲಿ ಒಂದೂ ಟ್ಯಾಕಲ್ ಮಾಡ್ಲಿಲ್ವಲ್ಲ, ಇವನಿಗೆ ಇಷ್ಟು ದುಡ್ಡು ಯಾಕೆ ಕೊಡ್ತಾರೆ?" ಇನ್ನಿಬ್ಬರು ಹೌದು ಅಂತ ತಲೆಯಾಡಿಸಿದರು. ಮಿಷಿಗನ್ನಿಗೆ ಬಂದು ಹತ್ತು ಹನ್ನೆರಡು ವರ್ಷ ಆದವರು. ಡೌನ್ ಅಂದರೇನು, ಸ್ಯಾಕ್ ಅಂದರೇನು ಎಲ್ಲ ಗೊತ್ತು. ಆದರೆ ಟ್ಯಾಕಲ್ ಅನ್ನೋ ಪದ ಬಂದ ತಕ್ಷಣ ಎಡವುತ್ತಾರೆ. ಈ ಸೀಸನ್ನಿನಲ್ಲೇ ನಾನು ಇದನ್ನು ಕೇಳುತ್ತಿರುವುದು ನಾಲ್ಕನೇ ಸಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಪೆನೇ ಸೂವೆಲ್ ಟ್ಯಾಕಲ್ ಮಾಡಬಾರದು. ಮಾಡುವ ಪರಿಸ್ಥಿತಿ ಬಂತು ಅಂದರೆ ಲಯನ್ಸ್ ಕೈಯಿಂದ ಚೆಂಡು ಹೋಗಿದೆ ಅಂತ ಅರ್ಥ. ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ, ಜ್ಯಾರೆಡ್ ಗಾಫ್ ಎಸೆದ ಚೆಂಡನ್ನು ಎದುರಾಳಿ ಹಿಡಿದು ಓಡುತ್ತಿದ್ದರೆ ಮಾತ್ರ ಸೂವೆಲ್ ಅವನನ್ನು ಅಟ್ಟಿಸಿಕೊಂಡು ಹೋಗಿ ಕೆಡವಬೇಕು. ಹಾಗಾಗಿ ಅವರ ಹೆಸರಿನ ಮುಂದೆ ಟ್ಯಾಕಲ್ ಲೆಕ್ಕ ಜಾಸ್ತಿ ಆಗುವ ವರ್ಷ ತಂಡಕ್ಕೆ ಕೆಟ್ಟ ವರ್ಷ. ಉಳಿದ ಹೊತ್ತಿನಲ್ಲಿ ಎದುರಿನವನನ್ನು ತೋಳಲ್ಲಿ ತಬ್ಬಿ ಕೆಡವಿದರೆ ಅದು ಹೋಲ್ಡಿಂಗ್. ಹತ್ತು ಯಾರ್ಡ್ ದಂಡ. ಅವರ ಕೆಲಸ ಗಾಫ್ ಕಡೆಗೆ ನುಗ್ಗುವವರನ್ನು ತಡೆಯುವುದು, ಹಿಡಿಯುವುದಲ್ಲ. ಟ್ಯಾಕಲ್ ಅನ್ನುವುದು ಅವರು ನಿಲ್ಲುವ ಜಾಗದ ಹೆಸರು.

ಈ ಗೊಂದಲ ನಮಗೆ ಯಾಕೆ ಜಾಸ್ತಿ ಅಂತ ಯೋಚಿಸಿದರೆ ಕಬಡ್ಡಿ ನೆನಪಾಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಟ್ಯಾಕಲ್ ಅನ್ನುವುದು ಕನ್ನಡದ ಮನೆಮಾತಾಯಿತು. ಟ್ಯಾಕಲ್ ಪಾಯಿಂಟ್, ಸೂಪರ್ ಟ್ಯಾಕಲ್ ಅಂತ ಸಣ್ಣ ಮಕ್ಕಳೂ ಹೇಳುತ್ತಾರೆ. ರೈಡರ್ ಕಾಲು ಹಿಡಿದು ಎಳೆದು ಹಾಕುವುದು ಟ್ಯಾಕಲ್. ಆ ಅರ್ಥ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದೇ ಕಿವಿಯಲ್ಲಿ ಇಲ್ಲಿ "ರೈಟ್ ಟ್ಯಾಕಲ್ ಸೂವೆಲ್" ಅಂತ ಕೇಳಿದಾಗ, ಬಲಗಡೆಯಿಂದ ಹಿಡಿಯುವವನು ಅನ್ನಿಸುವುದು ಸಹಜ. ಅದರಲ್ಲಿ ತಪ್ಪಿಲ್ಲ. ಗೊತ್ತಾದ ಮೇಲೂ ಅದೇ ಪದದ ಮೇಲೆ ಆಟಗಾರನಿಗೆ ಅಂಕ ಕೊಡುವುದು ತಪ್ಪು.

ಈಗ ಪದಕ್ಕೆ ಬರೋಣ. ಇದರ ಕಥೆ ನನಗೆ ತುಂಬಾ ಇಷ್ಟ.

ಟ್ಯಾಕಲ್ ಮೂಲದಲ್ಲಿ ಕ್ರಿಯೆಯೇ ಅಲ್ಲ, ವಸ್ತು. ಉತ್ತರ ಜರ್ಮನಿ, ಹಾಲೆಂಡ್ ಕಡೆಯ ಹಡಗಿನವರ ಮಾತಿನಲ್ಲಿ ಹಡಗಿನ ಹಗ್ಗ, ಕಪ್ಪಿ ಎಲ್ಲ ಸೇರಿದ ಸಾಮಾನಿಗೆ ಟಾಕೆಲ್ ಅನ್ನುತ್ತಿದ್ದರು. ಇಂಗ್ಲಿಷಿಗೆ ಬಂದದ್ದು ಅದೇ ಅರ್ಥದಲ್ಲಿ. ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಬೇಕು ಅಂದರೆ ಸರಂಜಾಮು. ಈಗಲೂ ಮೀನು ಹಿಡಿಯುವವರ ಗಾಳ, ದಾರ, ಕೋಲು ಎಲ್ಲಕ್ಕೂ ಸೇರಿಸಿ ಫಿಶಿಂಗ್ ಟ್ಯಾಕಲ್ ಅನ್ನುತ್ತಾರಲ್ಲ, ಅದು ಆ ಹಳೆಯ ಅರ್ಥವೇ. ಭಾರ ಎತ್ತುವ ಸಾಧನಕ್ಕೆ ಬ್ಲಾಕ್ ಆ್ಯಂಡ್ ಟ್ಯಾಕಲ್ ಅನ್ನುವುದೂ ಅದೇ. ಕಪ್ಪಿ ಕೂರಿಸಿದ ತುಂಡು ಬ್ಲಾಕ್, ಹಗ್ಗ ಕಪ್ಪಿ ಎಲ್ಲ ಸೇರಿದ್ದು ಟ್ಯಾಕಲ್. ಇಂಗ್ಲಿಷ್ ನಾವಿಕರು ಈ ಪದವನ್ನು ಟೇಕಲ್ ಅಂತಲೇ ಎಳೆದು ಹೇಳುತ್ತಿದ್ದರು. ಮಧ್ಯಯುಗದ ಇಂಗ್ಲಿಷಿನಲ್ಲಿ ಬಿಲ್ಲುಗಾರನ ಬಾಣಗಳಿಗೂ ಇದೇ ಪದ ಇತ್ತು.

ಸಾಮಾನಿನ ಹೆಸರು ಕೆಲಸದ ಹೆಸರಾದದ್ದು ಹೇಗೆ? ನಡುವೆ ಕುದುರೆ ಇದೆ. ಕುದುರೆಗೆ ಸರಂಜಾಮು ಕಟ್ಟಿ ಗಾಡಿಗೆ ಹೂಡುವುದಕ್ಕೆ 18ನೇ ಶತಮಾನದ ಇಂಗ್ಲಿಷಿನಲ್ಲಿ ಟ್ಯಾಕಲ್ ಅನ್ನುವ ಬಳಕೆ ಬಂತು. ಅಲ್ಲಿಂದ ಮುಂದೆ, 19ನೇ ಶತಮಾನದಲ್ಲಿ, ಒಬ್ಬನನ್ನು ಹಿಡಿದು ಬಗ್ಗಿಸುವುದು, ಒಂದು ಕಷ್ಟದ ಕೆಲಸಕ್ಕೆ ಕೈ ಹಾಕುವುದು ಅನ್ನುವ ಅರ್ಥಗಳು ಸೇರಿಕೊಂಡವು. ರಗ್ಬಿ ಆಡುವವರು ಅದನ್ನು ಎತ್ತಿಕೊಂಡರು. ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವುದು ಟ್ಯಾಕಲ್ ಆಯಿತು.

ನಮ್ಮ "ಹೂಡು" ಕೂಡ ಹೀಗೇ ನಡೆದು ಬಂದಿದೆ, ಗಮನಿಸಿದ್ದೀರಾ? ಗಾಡಿ ಹೂಡು, ನೇಗಿಲು ಹೂಡು. ಬಾಣ ಹೂಡು. ಅಲ್ಲಿಂದ ಯುದ್ಧ ಹೂಡು, ದಾವೆ ಹೂಡು, ಬಂಡವಾಳ ಹೂಡು. ದಾವೆ ಹೂಡಿದವನನ್ನು ಎತ್ತು ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಪದ ಮುಂದೆ ಹೋಗಿದೆ, ನಾವೂ ಅದರ ಜೊತೆ ಹೋಗಿದ್ದೇವೆ. ಟ್ಯಾಕಲ್ ವಿಷಯದಲ್ಲೂ ಅಷ್ಟು ಮಾಡಿದರೆ ಸಾಕು.

ಇನ್ನು ಜಾಗಕ್ಕೆ ಆ ಹೆಸರು ಬಂದ ಬಗೆ. 1880ರ ದಶಕದಲ್ಲಿ ಅಮೆರಿಕನ್ ಫುಟ್‌ಬಾಲ್ ರಗ್ಬಿಯಿಂದ ಬೇರೆಯಾಗುತ್ತಿತ್ತು. ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ 11 ಜನರ ತಂಡ, ಎರಡು ತಂಡ ಎದುರು ಬದುರು ನಿಲ್ಲುವ ಸ್ಕ್ರಿಮೇಜ್ ಗೆರೆ, ಎಷ್ಟು ಪ್ರಯತ್ನ ಅನ್ನುವ ಡೌನ್ ಲೆಕ್ಕ ಎಲ್ಲ ತಂದ ಕಾಲ ಅದು. ಆಗ ಚೆಂಡು ತಮ್ಮ ಕೈಯಲ್ಲಿದ್ದಾಗ ಆಡುವ ಆಫೆನ್ಸಿಗೆ ಬೇರೆ ಆಟಗಾರರು, ಎದುರಾಳಿಯನ್ನು ತಡೆಯುವ ಡಿಫೆನ್ಸಿಗೆ ಬೇರೆ ಆಟಗಾರರು ಅಂತ ಇರಲಿಲ್ಲ. ಅದೇ 11 ಜನ ಎರಡೂ ಆಡಬೇಕಿತ್ತು. ಸಾಲಿನ ನಡುವೆ ನಿಂತು ಚೆಂಡು ಕೊಡುವವನು ಸೆಂಟರ್. ಅವನ ಎರಡು ಪಕ್ಕದಲ್ಲಿ ಅವನನ್ನು ಕಾಯುವವರು ಗಾರ್ಡ್. ಅವರ ಆಚೆ ನಿಂತು, ಡಿಫೆನ್ಸ್ ಆಡುವಾಗ ಓಡಿ ಬರುವವರನ್ನು ಹಿಡಿದು ಕೆಡವುವ ಹೊಣೆ ಹೊತ್ತವರು ಟ್ಯಾಕಲ್. ಸಾಲಿನ ಕೊನೆಯಲ್ಲಿ ಇದ್ದವರು ಎಂಡ್. ಆಗ ಹೆಸರಿಗೂ ಕೆಲಸಕ್ಕೂ ಸರಿಯಾಗಿ ಹೊಂದುತ್ತಿತ್ತು.

ಆಮೇಲೆ ನಿಯಮ ಬದಲಾಯಿತು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು ಅನ್ನುವುದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 1950ರಿಂದ ಕಾಯಂ ಆಯಿತು. ಆಫೆನ್ಸ್ ತಂಡವೇ ಬೇರೆ, ಡಿಫೆನ್ಸ್ ತಂಡವೇ ಬೇರೆ ಆಯಿತು. ಕೆಲಸ ಪಾಲಾಯಿತು, ಹೆಸರು ಮಾತ್ರ ಎರಡೂ ಕಡೆ ಉಳಿಯಿತು. ಡಿಫೆನ್ಸ್ ಕಡೆಯ ಟ್ಯಾಕಲ್ ಈಗಲೂ ಟ್ಯಾಕಲ್ ಮಾಡುತ್ತಾನೆ. ಆಫೆನ್ಸ್ ಕಡೆಯ ಟ್ಯಾಕಲ್ ತಡೆಯುತ್ತಾನೆ. ನಮ್ಮ ಊರುಗಳಲ್ಲಿ ಶಾನುಭೋಗಿಕೆ ಹೋಗಿ ಎಷ್ಟೋ ಕಾಲ ಆಯಿತು. ಆದರೂ ಆ ಮನೆ ಇವತ್ತಿಗೂ ಶಾನುಭೋಗರ ಮನೆ. ಆ ಮನೆಯವರ ಹತ್ತಿರ ಹೋಗಿ ಪಹಣಿ ತೋರಿಸಿ ಅಂತ ಕೇಳುತ್ತೇವಾ?

"ಆಫೆನ್ಸಿವ್ ಟ್ಯಾಕಲ್" ಅನ್ನುವುದನ್ನು "ಆಕ್ರಮಣಕಾರಿ ಟ್ಯಾಕಲ್" ಅಂತ ಕನ್ನಡಕ್ಕೆ ತಂದದ್ದನ್ನೂ ಓದಿದ್ದೇನೆ. ಅದನ್ನು ಓದಿದ ಯಾರಿಗಾದರೂ ಮೈಮೇಲೆ ಬಿದ್ದು ಜೋರಾಗಿ ಕೆಡವುವವನು ಅಂತಲೇ ಅನ್ನಿಸುತ್ತದೆ. ಎರಡು ಪದ, ಎರಡೂ ಉಲ್ಟಾ. ದಯವಿಟ್ಟು ಹಾಗೆ ಬರೆಯಬೇಡಿ. ಆಫೆನ್ಸ್ ಕಡೆಯ ಟ್ಯಾಕಲ್ ಅನ್ನಿ. ಅಥವಾ ಸಾಲಿನ ತುದಿಯ ಕಾವಲುಗಾರ ಅಂತ ಬಿಡಿಸಿ ಹೇಳಿ.

ಟ್ಯಾಕಲ್ ಸರಿಯಾಗಿ ಅರ್ಥ ಆದವರೂ ಅದರ ಹಿಂದಿನ ಲೆಫ್ಟ್, ರೈಟ್ ಬಂದಾಗ ಇನ್ನೊಂದು ತಪ್ಪು ಮಾಡುತ್ತಾರೆ. ಲಯನ್ಸ್ ಅಭಿಮಾನಿಗಳ ಜಗಳ ಪೂರ್ತಿ ಇರುವುದು ಇಲ್ಲೇ. ಲೆಫ್ಟ್ ಟ್ಯಾಕಲ್ ಅಂದರೆ ದೊಡ್ಡ ಹುದ್ದೆ, ರೈಟ್ ಟ್ಯಾಕಲ್ ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅಂತ ಹಲವರು ನಂಬಿದ್ದಾರೆ. "ಇಷ್ಟು ಒಳ್ಳೆಯ ಆಟಗಾರನನ್ನು ಬಲಗಡೆ ಕೊಳೆಸ್ತಿದ್ದಾರೆ" ಅನ್ನುವ ಮಾತು ನಾನೇ ಕೇಳಿದ್ದೇನೆ.

ಆ ನಂಬಿಕೆಗೆ ಕಾರಣ ಇದೆ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕೆ ಬರುತ್ತದೆ. ಎಡಗಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. 1985ರ ನವೆಂಬರಿನಲ್ಲಿ ವಾಷಿಂಗ್ಟನ್ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಅವರ ಕಾಲು ನ್ಯೂಯಾರ್ಕ್ ಜೈಂಟ್ಸಿನ ಲಾರೆನ್ಸ್ ಟೇಲರ್ ಕೆಡವಿದಾಗ ಮುರಿದದ್ದನ್ನು ಟಿವಿಯಲ್ಲಿ ನೋಡಿದವರು ಮರೆತಿಲ್ಲ. ಎಡಗಡೆಯ ಕಾವಲಿಗೆ ಬೆಲೆ ಏರಿತು. ಅದು ಆ ಕಾಲಕ್ಕೆ ಸರಿ. ಈಗ ಡಿಫೆನ್ಸಿನವರು ತಮ್ಮ ಒಳ್ಳೆಯ ಆಟಗಾರನನ್ನು ಯಾವ ಕಡೆಗೆ ಬೇಕಾದರೂ ನಿಲ್ಲಿಸುತ್ತಾರೆ. ಪಿಟ್ಸ್‌ಬರ್ಗಿನ ಟಿ.ಜೆ. ವಾಟ್ ಹೆಚ್ಚಾಗಿ ನಿಲ್ಲುವುದೇ ರೈಟ್ ಟ್ಯಾಕಲ್ ಎದುರಿಗೆ. ಅವರನ್ನು ಎದುರಿಸುವವನಿಗೆ ನಿನ್ನದು ಸಣ್ಣ ಕೆಲಸ ಅಂತ ಹೇಳುವ ಧೈರ್ಯ ಯಾರಿಗಿದೆ?

ಲಯನ್ಸ್ ಮಾಡಿದ್ದೇನು ಅಂತ ನೋಡಿ. 2021ರಲ್ಲಿ, ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ, ಏಳನೇ ಆಯ್ಕೆಯಾಗಿ ಸೂವೆಲ್ ಬಂದರು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದ ಹುಡುಗ, ಆರೆಗಾನ್ ಕಾಲೇಜಿನಲ್ಲಿ ಲೆಫ್ಟ್ ಟ್ಯಾಕಲ್. ಇಲ್ಲಿ ಎಡಗಡೆ ಆಗಲೇ ಟೇಲರ್ ಡೆಕರ್ ಇದ್ದರು. ಸೂವೆಲ್ ಅವರನ್ನು ಬಲಕ್ಕೆ ಹಾಕಿದರು. ಪ್ರೀ ಸೀಸನ್ ಆಟಗಳಲ್ಲಿ ತಡವರಿಸಿದರು, ಜನ ಆಗಲೇ ಗೊಣಗಲು ಶುರು ಮಾಡಿದರು. ಸೀಸನ್ ಶುರುವಾಗುವ ಹೊತ್ತಿಗೆ ಡೆಕರ್ ಬೆರಳಿಗೆ ಗಾಯ. ಸೂವೆಲ್ ಎಡಕ್ಕೆ ಹೋದರು. ಎಂಟು ಆಟ ಆದ ಮೇಲೆ ಡೆಕರ್ ವಾಪಸ್, ಸೂವೆಲ್ ಮತ್ತೆ ಬಲಕ್ಕೆ. ಇಪ್ಪತ್ತು ಇಪ್ಪತ್ತೊಂದು ವರ್ಷದ ಹುಡುಗನನ್ನು ಒಂದೇ ವರ್ಷದಲ್ಲಿ ಮೂರು ಸಲ ತಿರುಗಿಸಿದರು.

ಇದು ಎಷ್ಟು ಕಷ್ಟ ಅಂತ ಸೋಫಾ ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ. ಲೆಫ್ಟ್ ಟ್ಯಾಕಲ್ ಎಡಗಾಲು ಹಿಂದಿಟ್ಟು ನಿಲ್ಲುತ್ತಾನೆ, ಎಡಕ್ಕೆ ಹಿಂದೆ ಜಾರುತ್ತಾನೆ. ರೈಟ್ ಟ್ಯಾಕಲಿಗೆ ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ. ಯಾವ ಕೈ ಮೊದಲು ಚಾಚಬೇಕು, ಯಾವ ಸೊಂಟ ತಿರುಗಬೇಕು, ಎಲ್ಲವೂ ಬದಲು. ನೊಗದ ಎಡಕ್ಕೆ ಹೂಡಿ ಪಳಗಿದ ಎತ್ತನ್ನು ಒಂದು ದಿನ ಬಲಕ್ಕೆ ಹೂಡಿ ನೋಡಿ. ಎತ್ತು ಅದೇ, ಶಕ್ತಿ ಅದೇ, ಸಾಲು ಮಾತ್ರ ಸೊಟ್ಟ. ಕುದುರೆ ಹೂಡುವವರ ಪದ ಇವರಿಗೆ ಬಂದದ್ದು ಸುಮ್ನೆ ಅಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಆಮೇಲೆ ಲಯನ್ಸ್ ಸರಿಯಾದದ್ದನ್ನೇ ಮಾಡಿದರು. ಸೂವೆಲ್ ಅವರನ್ನು ಬಲಗಡೆಯೇ ಬಿಟ್ಟರು, ಅಲ್ಲಿ ಬೇರು ಬಿಡಲು ಅವಕಾಶ ಕೊಟ್ಟರು. 2023ರಲ್ಲಿ, ಲೀಗಿನ ಆ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್ ಪ್ರೊದ ಮೊದಲ ತಂಡದಲ್ಲಿ, ಅವರ ಹೆಸರು ಬಂತು. 2024ರ ಏಪ್ರಿಲಿನಲ್ಲಿ ನಾಲ್ಕು ವರ್ಷಕ್ಕೆ 11.2 ಕೋಟಿ ಡಾಲರ್ ಒಪ್ಪಂದ ಆಯಿತು. ಆ ಹೊತ್ತಿಗೆ ಇಡೀ ಲೀಗಿನಲ್ಲಿ ಆಫೆನ್ಸಿವ್ ಲೈನಿನ ಯಾರಿಗೂ ವರ್ಷಕ್ಕೆ ಅಷ್ಟು ಸಂಬಳ ಇರಲಿಲ್ಲ. ಎಡಗಡೆಯವರಿಗೂ ಇರಲಿಲ್ಲ. ಹಾಗಿದ್ದೂ "ಬಲಗಡೆ ಕೊಳೆಸ್ತಿದ್ದಾರೆ" ಅನ್ನುವುದು ನನಗೆ ಅರ್ಥವೇ ಆಗುವುದಿಲ್ಲ.

ಮುಂದೆ ಎಡಗಡೆ ಖಾಲಿಯಾದರೆ ಸೂವೆಲ್ ಅಲ್ಲಿಗೆ ಹೋಗಬೇಕಾ? ಬೇರೆ ದಾರಿ ಇಲ್ಲದಿದ್ದರೆ ಹೋಗಲಿ. ಒಂದು ಬೇಸಿಗೆ ಪೂರ್ತಿ ಅಭ್ಯಾಸಕ್ಕೆ ಬಿಡಲಿ. ಆದರೆ ಅದಕ್ಕೆ ಬಡ್ತಿ ಅಂತ ಹೆಸರಿಡಬೇಡಿ. ಒಂದು ಒಳ್ಳೆಯ ಕಡೆಯನ್ನು ಒಡೆದು ಇನ್ನೊಂದು ಕಡೆ ಕಟ್ಟುವುದು ಅದು.

ಲಯನ್ಸ್ ಮೇಲೆ ನನಗಿರುವ ತಕರಾರು ಟ್ಯಾಕಲ್‌ಗಳದ್ದಲ್ಲ, ನಡುವಿನ ಮೂವರದ್ದು. 2025ರ ಜೂನಿನಲ್ಲಿ ಸೆಂಟರ್ ಫ್ರಾಂಕ್ ರ್ಯಾಗ್ನೌ ನಿವೃತ್ತಿ ಹೇಳಿದರು. ಗಾರ್ಡ್ ಆಗಿದ್ದ ಗ್ರಹಾಮ್ ಗ್ಲಾಸ್ಗೋ ಸೆಂಟರಿಗೆ ಬಂದರು. ಹೊಸ ಹುಡುಗ ಟೇಟ್ ರ್ಯಾಟ್ಲೆಜ್ ಅವರನ್ನು ಮೊದಲು ಸೆಂಟರಿನಲ್ಲಿ ಪ್ರಯತ್ನಿಸಿ ಆಮೇಲೆ ರೈಟ್ ಗಾರ್ಡ್ ಮಾಡಿದರು. ಐದು ಜನ ಒಬ್ಬರ ಉಸಿರು ಒಬ್ಬರಿಗೆ ಗೊತ್ತಿರುವ ಹಾಗೆ ಆಡಬೇಕಾದ ಸಾಲು ಇದು. ಅದರ ನಡುಭಾಗವನ್ನೇ ಒಟ್ಟಿಗೆ ಕದಲಿಸಿದರೆ ತುದಿಯಲ್ಲಿ ನಿಂತವನು ಎಷ್ಟು ಗಟ್ಟಿಯಿದ್ದರೂ ಪಕ್ಕದಿಂದ ಸೋರುತ್ತದೆ. ಜಗಳ ಆಡಬೇಕು ಅಂದರೆ ಇದರ ಬಗ್ಗೆ ಆಡಿ.

ಜಾಗ ಬದಲಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಕಾಯ್ ಬೆಕ್ಟನ್ ಅವರನ್ನು ನ್ಯೂಯಾರ್ಕ್ ಜೆಟ್ಸ್ 2020ರಲ್ಲಿ 11ನೇ ಆಯ್ಕೆಯಾಗಿ ಲೆಫ್ಟ್ ಟ್ಯಾಕಲ್ ಅಂತ ತಂದರು. ಮಂಡಿ ಗಾಯ, ಎಡ ಬಲ ತಿರುಗಾಟ, ಕೊನೆಗೆ ಬಿಟ್ಟುಕೊಟ್ಟರು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಅವರನ್ನು ರೈಟ್ ಗಾರ್ಡ್ ಮಾಡಿತು. ಒಂದು ಕಡೆ ಸೆಂಟರ್, ಇನ್ನೊಂದು ಕಡೆ ರೈಟ್ ಟ್ಯಾಕಲ್ ಲೇನ್ ಜಾನ್ಸನ್. ಆ ಸೀಸನ್ನಿನಲ್ಲೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಟ್ಯಾಕಲ್ ಅನ್ನುವ ಹೆಸರು ಕಳಚಿದ ಮೇಲೆಯೇ ಆ ಆಟಗಾರ ನೆಲೆ ಕಂಡದ್ದು.

ಕೊನೆಯದಾಗಿ ಒಂದು. "ಟ್ಯಾಕಲ್ ಎಲಿಜಿಬಲ್" ಅಂತ ರೆಫರಿ ಹೇಳಿದಾಗಲೂ ನಮ್ಮವರು ಟ್ಯಾಕಲ್ ಮಾಡಲು ಅನುಮತಿ ಅಂದುಕೊಳ್ಳುತ್ತಾರೆ. ಅಲ್ಲ. 50ರಿಂದ 79ರ ವರೆಗಿನ ನಂಬರಿನ ಅಂಗಿ ಹಾಕಿದವರು ಮಾಮೂಲಾಗಿ ಪಾಸ್ ಹಿಡಿಯುವ ಹಾಗಿಲ್ಲ. ಆ ಒಂದು ಸಲಕ್ಕೆ ಹಿಡಿಯುತ್ತೇನೆ ಅಂತ ಮೊದಲೇ ರೆಫರಿಗೆ ತಿಳಿಸಬೇಕು. 2022ರ ಡಿಸೆಂಬರಿನಲ್ಲಿ ವೈಕಿಂಗ್ಸ್ ವಿರುದ್ಧ ಸೂವೆಲ್ ಹಾಗೇ ಒಂದು ಪಾಸ್ ಹಿಡಿದು ಒಂಬತ್ತು ಯಾರ್ಡ್ ತಂದುಕೊಟ್ಟರು. ಆ ದಿನ ಫೋರ್ಡ್ ಫೀಲ್ಡ್ ಎದ್ದು ಕುಣಿಯಿತು. 2023ರ ಡಿಸೆಂಬರ್ 30ರಂದು ಡಲ್ಲಾಸಿನಲ್ಲಿ ಅದೇ ತಂತ್ರ ಕೈಕೊಟ್ಟಿತು. 23 ಸೆಕೆಂಡ್ ಉಳಿದಿದ್ದಾಗ ಲಯನ್ಸ್ ಟಚ್‌ಡೌನ್ ಮಾಡಿ, ಗೆಲ್ಲಲು ಎರಡು ಪಾಯಿಂಟಿಗೆ ಹೋದರು. ಡೆಕರ್, ಸಾಲಿನ ಇನ್ನೊಬ್ಬ ಆಟಗಾರ ಸ್ಕಿಪ್ಪರ್, ಸೂವೆಲ್ ಮೂವರೂ ರೆಫರಿಯ ಸುತ್ತಮುತ್ತ ಇದ್ದರು. ಪಾಸ್ ಹಿಡಿಯಬಹುದಾದವರು ಅಂತ ರೆಫರಿ 70ನೇ ನಂಬರಿನ ಸ್ಕಿಪ್ಪರ್ ಅವರನ್ನು ಹೇಳಿದರು. ಚೆಂಡು ಹಿಡಿದದ್ದು 68ನೇ ನಂಬರಿನ ಡೆಕರ್. ಪಾಯಿಂಟ್ ರದ್ದಾಯಿತು, ಲಯನ್ಸ್ 20–19ರಿಂದ ಸೋತರು. ಆವತ್ತು ಡೆಕರ್ ಚೆಂಡನ್ನು ಎದೆಗೆ ಒತ್ತಿಕೊಂಡು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.